ಸ್ನೂಕರ್ ಕೋಚ್ ಆಗೋದು ಅಂದ್ರೆ ಆಡೋದು ಬಿಟ್ಟು ನೋಡೋದು ಕಲಿಯೋದು

ಸ್ನೂಕರ್ ಚೆನ್ನಾಗಿ ಆಡೋರು ಎಷ್ಟೋ ಜನ "ಟೂರ್ನಮೆಂಟ್ ಆಡೋದು ನಿಲ್ಸಿದ್ಮೇಲೆ ಕೋಚಿಂಗ್ ಶುರು ಮಾಡ್ತೀನಿ" ಅಂತ ಹೇಳ್ತಿರ್ತಾರೆ, ಅದೇನೋ ಆಟದ ಮುಂದಿನ ಮೆಟ್ಟಿಲು ಅನ್ನೋ ಥರ. ನನಗನ್ಸೋದು ಇದು ಪೂರ್ತಿ ಬೇರೆ ಕೆಲಸ. ಆಟಗಾರನ ಕಣ್ಣು ಬಾಲ್ ಮೇಲಿರತ್ತೆ, ಕೋಚ್‌ನ ಕಣ್ಣು ಆಟಗಾರನ ಮೇಲಿರ್ಬೇಕು. ಪಾಟ್ ಆಯ್ತಾ, ಅಂದ್ರೆ ಬಾಲ್ ಪಾಕೆಟ್‌ಗೆ ಬಿತ್ತಾ ಇಲ್ವಾ ಅನ್ನೋದು ಟೇಬಲ್ ಸುತ್ತ ಇರೋ ಎಲ್ಲರಿಗೂ ಕಾಣ್ಸತ್ತೆ, ಯಾಕೆ ಆಗ್ಲಿಲ್ಲ ಅನ್ನೋದನ್ನ ಸರಿಯಾಗಿ ಹೇಳೋರು ಬಹಳ ಕಮ್ಮಿ, ಆ ಕಮ್ಮಿ ಜನಕ್ಕೇ ಈ ಕೆಲಸದಲ್ಲಿ ವರ್ಷಾನುಗಟ್ಟಲೆ ಸ್ಟೂಡೆಂಟ್ಸ್ ಸಿಗೋದು.

ಫ್ರಾಂಕ್ ಕ್ಯಾಲನ್ ಅಂತ ಒಬ್ರಿದ್ರು. ಆಟಗಾರರಾಗಿ ದೊಡ್ಡ ಟೈಟಲ್ ಯಾವ್ದೂ ಗೆದ್ದೋರಲ್ಲ, ಆದ್ರೆ ಸ್ಟೀವ್ ಡೇವಿಸ್, ಸ್ಟೀಫನ್ ಹೆಂಡ್ರಿ ಥರದ ವರ್ಲ್ಡ್ ಚಾಂಪಿಯನ್‌ಗಳು ತಮ್ಮ ಕ್ಯೂ ಆಕ್ಷನ್ (ಕ್ಯೂ ಅಂದ್ರೆ ಆಡೋ ಕೋಲು, ಅದನ್ನ ಹಿಡಿದು ಹೊಡೆಯೋ ರೀತಿ) ಸರಿ ಮಾಡ್ಸಿಕೊಳ್ಳೋಕೆ ಅವ್ರ ಹತ್ರ ಹೋಗ್ತಿದ್ರು. ಇನ್ನೊಂದು ಕಡೆ ಟೆರ್ರಿ ಗ್ರಿಫಿತ್ಸ್, 1979ರ ವರ್ಲ್ಡ್ ಚಾಂಪಿಯನ್, ಆಮೇಲೆ ಕೋಚ್ ಆಗಿ ಮಾರ್ಕ್ ವಿಲಿಯಮ್ಸ್, ಡಿಂಗ್ ಜುನ್‌ಹುಯಿ, ಮಾರ್ಕ್ ಆಲನ್ ಥರದೋರ ಜೊತೆ ಕೆಲಸ ಮಾಡಿದ್ರು. ಅಂದ್ರೆ ಎರಡೂ ದಾರಿ ಇದೆ. ಚಾಂಪಿಯನ್ ಆಗಿದ್ರೆ ಮೊದಲ ಸ್ಟೂಡೆಂಟ್ ಬೇಗ ಸಿಗ್ತಾನೆ ನಿಜ, ಆದ್ರೆ ಎರಡನೇ ತಿಂಗಳೂ ಅವನು ವಾಪಸ್ ಬರ್ಬೇಕು ಅಂದ್ರೆ ನಿಮ್ಮ ಹಳೇ ಕಪ್‌ಗಳಿಂದ ಏನೂ ಆಗಲ್ಲ, ಅವನ ಆಟದಲ್ಲಿ ಏನಾದ್ರೂ ಬದಲಾಗಿರ್ಬೇಕು.

ಹಾಗಾದ್ರೆ ಆ "ನೋಡೋದು" ಅಂದ್ರೆ ಏನು ಅಂತ ಸ್ವಲ್ಪ ಹತ್ರದಿಂದ ನೋಡೋಣ, ಯಾಕಂದ್ರೆ ಉಳಿದ ಸರ್ಟಿಫಿಕೇಟು, ಫೀಸು, ಕ್ಲಬ್ಬು ಎಲ್ಲಾ ಇದರ ಮೇಲೇ ನಿಂತಿರೋದು.

ಟೇಬಲ್ 12 ಅಡಿಗೆ 6 ಅಡಿ, ಬಾಲ್ ಬರೀ 52.5 ಮಿಲಿಮೀಟರ್. ಕ್ಯೂ ಬಾಲ್‌ನಿಂದ, ಅಂದ್ರೆ ಕ್ಯೂನಿಂದ ಹೊಡೆಯೋ ಬಿಳಿ ಬಾಲ್‌ನಿಂದ, ಒಂದು ಮೀಟರ್ ದೂರದಲ್ಲಿ ಒಂದು ರೆಡ್ ಬಾಲ್, ಆ ರೆಡ್‌ನಿಂದ ಇನ್ನೊಂದು ಮೀಟರ್ ಆಚೆ ಪಾಕೆಟ್, ಮೂರೂ ಒಂದೇ ಗೆರೆಯಲ್ಲಿ ಇವೆ ಅಂತ ಅಂದ್ಕೊಳ್ಳಿ. ಈಗ ಆಟಗಾರ ಕ್ಯೂ ಬಾಲನ್ನ ಗೆರೆಯಿಂದ ಬರೀ 0.1 ಡಿಗ್ರಿ ಆಚೆ ಕಳಿಸ್ದ. ರೆಡ್ ತಲುಪೋಷ್ಟರಲ್ಲಿ ಅದು ಪಕ್ಕಕ್ಕೆ ಸರಿದಿರೋದು ಸುಮಾರು 1.7 ಮಿಲಿಮೀಟರ್ ಮಾತ್ರ, ಕಣ್ಣಿಗೆ ಕಾಣೋದೇ ಇಲ್ಲ. ಆದ್ರೆ ಎರಡು ಗುಂಡಗಿನ ಬಾಲ್ ಒಂದಕ್ಕೊಂದು ತಾಗುವಾಗ ಈ ತಪ್ಪು ಹಾಗೇ ಉಳಿಯಲ್ಲ, ದೊಡ್ಡದಾಗತ್ತೆ, ಇಲ್ಲಿ ಹೆಚ್ಚೂಕಡಿಮೆ 19 ಪಟ್ಟು. ರೆಡ್ ಸುಮಾರು 1.9 ಡಿಗ್ರಿ ತಿರುಗಿ ಹೊರಡತ್ತೆ, ಪಾಕೆಟ್ ಹತ್ರ ಬರೋ ಹೊತ್ತಿಗೆ 33 ಮಿಲಿಮೀಟರ್ ಆಚೆ ಇರತ್ತೆ. ಪಾಕೆಟ್ ಬಾಯಿ ಸುಮಾರು ಮೂರೂವರೆ ಇಂಚು, ಅಂದ್ರೆ ಬಾಲ್‌ನ ಎರಡೂ ಬದಿ ಉಳಿಯೋ ಜಾಗ ಸುಮಾರು 18 ಮಿಲಿಮೀಟರ್. ಹಾಗಾಗಿ ಮಿಸ್. ಕಣ್ಣಿಗೇ ಕಾಣದ ತಪ್ಪಿಗೆ ಎಲ್ಲರಿಗೂ ಕಾಣೋ ಥರ ಮಿಸ್.

ಇದಕ್ಕೇ ಆಟಗಾರ ತನ್ನ ತಪ್ಪನ್ನ ತಾನೇ ಹಿಡಿಯೋಕೆ ಆಗೋದು ಕಷ್ಟ. ಅವನು ಬಂದು "ನನ್ನ ಏಮ್ ಸರಿ ಇಲ್ಲ ಸರ್, ಲಾಂಗ್ ಪಾಟ್ ಹೋಗ್ತಾನೇ ಇಲ್ಲ" ಅಂತಾನೆ. ಹೊಸ ಕೋಚ್ ಅದನ್ನ ನಂಬಿ ಏಮ್ ಬಗ್ಗೆ ಪಾಠ ಶುರು ಮಾಡ್ತಾನೆ, ಅನುಭವ ಇರೋರು ಮೊದ್ಲು ರೆಡ್‌ನ ಪಕ್ಕಕ್ಕೆ ಎತ್ತಿಡ್ತಾರೆ. ಟೇಬಲ್‌ನ ನಡುಗೆರೆಯಲ್ಲಿ ಬಣ್ಣದ ಬಾಲ್ ಇಡೋಕೆ ಗುರುತುಗಳಿರತ್ತೆ, ಅವೇ ಸ್ಪಾಟ್‌ಗಳು. ಬ್ರೌನ್ ಸ್ಪಾಟ್ ಮೇಲೆ ಕ್ಯೂ ಬಾಲ್ ಇಟ್ಟು, ಬ್ಲೂ, ಪಿಂಕ್, ಬ್ಲಾಕ್ ಸ್ಪಾಟ್‌ಗಳ ಮೇಲೆ ನೇರ ಹೊಡ್ಸಿ, ಎದುರು ಕುಶನ್‌ಗೆ (ಟೇಬಲ್ ಅಂಚಿಗೆ) ತಾಗಿ ವಾಪಸ್ ಅದೇ ಗೆರೆಯಲ್ಲಿ ಟಿಪ್‌ಗೆ (ಕ್ಯೂ ತುದಿಗೆ) ಬಂದು ಮುಟ್ಟತ್ತಾ ನೋಡ್ತಾರೆ. ಬಹಳ ಹಳೇ ಪರೀಕ್ಷೆ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ, ಪ್ರಾಮಾಣಿಕವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಇದರಲ್ಲಿ ಗಮನಿಸ್ಬೇಕಾದ್ದು ಬಾಲ್ ಎಲ್ಲಿ ದಾರಿ ತಪ್ತು ಅನ್ನೋದು. ಹೋಗುವಾಗಲೇ ಪಿಂಕ್ ಸ್ಪಾಟ್ ಬಿಟ್ಟು ಪಕ್ಕಕ್ಕೆ ಹೋದ್ರೆ ಆಟಗಾರ ನಿಂತಿರೋ ಗೆರೆಯೇ ತಪ್ಪು, ಅಥವಾ ಹೊಡೆಯುವಾಗ ಕ್ಯೂ ಬೇರೆ ದಿಕ್ಕಿಗೆ ಹೋಯ್ತು. ಹೋಗುವಾಗ ಎಲ್ಲಾ ಸ್ಪಾಟ್ ಮೇಲೆ ಸರಿಯಾಗೇ ಹೋಗಿ, ಕುಶನ್‌ಗೆ ತಾಗಿದ್ಮೇಲೆ ಬಲಕ್ಕೆ ಓಡಿ ಬಂದ್ರೆ ಅದು ಗೊತ್ತಿಲ್ಲದೇ ಹಾಕಿದ ರೈಟ್ ಸೈಡ್, ಅಂದ್ರೆ ಟಿಪ್ ಬಾಲ್‌ನ ಮಧ್ಯಕ್ಕೆ ಬೀಳದೇ ಸ್ವಲ್ಪ ಬಲಕ್ಕೆ ಬಿದ್ದಿದೆ. ಎರಡಕ್ಕೂ ಔಷಧಿ ಬೇರೆ ಬೇರೆ. ಮೊದಲನೆಯವನಿಗೆ ನಿಲ್ಲೋ ಗೆರೆ ಸರಿ ಮಾಡ್ಬೇಕು, ಎರಡನೆಯವನಿಗೆ ಬಾಲ್‌ನ ಮಧ್ಯ ಯಾವ್ದು ಅನ್ನೋದೇ ಅವನ ಕಣ್ಣಿಗೆ ತಪ್ಪಾಗಿ ಕಾಣ್ತಿರ್ಬಹುದು. ಇಬ್ಬರೂ ಬಂದಾಗ ಹೇಳಿದ್ದು ಮಾತ್ರ ಒಂದೇ ಮಾತು, ಏಮ್ ಸರಿ ಇಲ್ಲ ಅಂತ.

ಅಷ್ಟಕ್ಕೇ ಮುಗಿಯಲ್ಲ. ರೈಟ್ ಸೈಡ್ ಬೀಳ್ತಿದೆ ಅಂತ ಗೊತ್ತಾಯ್ತು, ಯಾಕೆ ಬೀಳ್ತಿದೆ? ಕಣ್ಣಿನ ಕೆಳಗೆ ಕ್ಯೂ ಇರೋ ಜಾಗ ತಪ್ಪಿರ್ಬಹುದು, ಹೊಡೆಯೋ ಕೊನೇ ಕ್ಷಣದಲ್ಲಿ ಹಿಂದಿನ ಕೈ ಹಿಡಿತ ಬಿಗಿಯಾಗಿ ಕ್ಯೂ ತಿರುಗ್ತಿರ್ಬಹುದು, ಪಾದ ಗೆರೆಗೆ ತೀರಾ ಹತ್ರ ಇಟ್ಟಿರೋದ್ರಿಂದ ಸೊಂಟ ಅಡ್ಡ ಬಂದು ಕ್ಯೂಗೆ ನೇರ ದಾರಿನೇ ಇಲ್ದಿರ್ಬಹುದು, ಬಾಲ್ ಎಲ್ಲಿ ಹೋಯ್ತು ಅಂತ ನೋಡೋ ಆತುರದಲ್ಲಿ ತಲೆ ಎತ್ತೋದ್ರ ಜೊತೆ ಭುಜವೂ ಏಳ್ತಿರ್ಬಹುದು. ಇದನ್ನ ಹುಡುಕೋಕೆ ಒಂದು ಕ್ರಮ ಇಟ್ಕೊಳ್ಳೋದು ಒಳ್ಳೇದು, ಮತ್ತೆ ಆ ಕ್ರಮ ಬಾಗೋಕೆ ಮುಂಚೆನೇ ಶುರುವಾಗ್ಬೇಕು: ಶಾಟ್‌ನ ಹಿಂದೆ ಎಲ್ಲಿ ನಿಂತ, ಗೆರೆಗೆ ಹೇಗೆ ನಡೆದು ಬಂದ, ಪಾದ ಎಲ್ಲಿಟ್ಟ, ಬ್ರಿಡ್ಜ್ ಕೈ (ಕ್ಯೂಗೆ ಆಸರೆಯಾಗಿ ಟೇಬಲ್ ಮೇಲಿಡೋ ಕೈ) ಗಟ್ಟಿ ಇದ್ಯಾ, ಫೆದರಿಂಗ್ (ಹೊಡೆಯೋ ಮುಂಚೆ ಕ್ಯೂನ ಹಿಂದೆ ಮುಂದೆ ಆಡ್ಸೋದು) ಮಾಡುವಾಗ ಕಣ್ಣು ಎಲ್ಲೆಲ್ಲಿ ಓಡಾಡ್ತು, ಹಿಂದಕ್ಕೆ ಎಳೆದು ನಿಲ್ಸಿದ್ನಾ, ಹೊಡೆದ ಮೇಲೆ ಕ್ಯೂ ಎಲ್ಲಿ ನಿಂತ್ತು. ಹೊಸಬರು ಸಾಮಾನ್ಯವಾಗಿ ಕೈ ನೋಡೋದ್ರಿಂದ ಶುರು ಮಾಡ್ತಾರೆ, ಆದ್ರೆ ಕೈಯಲ್ಲಿ ಕಾಣೋ ಎಷ್ಟೋ ತಪ್ಪು ಪಾದದಲ್ಲಿ ಹುಟ್ಟಿರೋದು, ನಿಂತ ಗೆರೆ ತಪ್ಪಾಗಿದ್ರೆ ಕೈ ಪಾಪ ಅದನ್ನ ಸರಿ ಮಾಡೋಕೆ ಹೋಗಿ ಅಡ್ಡ ಹೊಡೀತಿರತ್ತೆ, ಆ ಅಡ್ಡ ಹೊಡೆತ ನಿಲ್ಸಿದ್ರೆ ಪಾಟ್ ಇನ್ನೂ ಕೆಡತ್ತೆ.

ಕಾರಣ ಸಿಕ್ಕಿದ ಮೇಲೆ ಒಂದೇ ಒಂದು ವಿಷಯ ಬದಲಾಯ್ಸಿ. ಒಂದು ಗಂಟೆ ಪಾಠದಲ್ಲಿ ಕಂಡಿದ್ದೆಲ್ಲಾ ಹೇಳ್ಬೇಕು ಅನ್ನೋ ಆಸೆ ಬರತ್ತೆ, ದುಡ್ಡು ಕೊಟ್ಟಿದಾರೆ ಅಲ್ವಾ ಅಂತ. ಆದ್ರೆ ಐದು ವಿಷಯ ತಲೆಯಲ್ಲಿ ಇಟ್ಕೊಂಡು ಯಾರಿಗೂ ಬಾಲ್ ಹೊಡೆಯೋಕೆ ಆಗಲ್ಲ. ಮತ್ತೆ ಇದನ್ನ ಮುಂಚೆನೇ ಬಾಯಿಬಿಟ್ಟು ಹೇಳ್ಬೇಕು, ಟೆಕ್ನಿಕ್ ಬದಲಾಯ್ಸಿದ್ಮೇಲೆ ಆಟ ಕೆಲವು ದಿನ ಕೆಟ್ಟು ಆಮೇಲೆ ಸರಿಯಾಗತ್ತೆ ಅಂತ. ಹೇಳ್ದೇ ಇದ್ರೆ ಸ್ಟೂಡೆಂಟ್ ಮುಂದಿನ ವಾರ ಗೆಳೆಯರ ಹತ್ರ ಸೋತು "ಕೋಚ್ ನನ್ನ ಆಟ ಹಾಳು ಮಾಡಿದ್ರು" ಅಂತ ಹಳೇ ಸ್ಟಾನ್ಸ್‌ಗೆ (ನಿಲ್ಲೋ ರೀತಿಗೆ) ವಾಪಸ್ ಹೋಗ್ತಾನೆ. ಮ್ಯಾಚ್ ಹತ್ರ ಇದ್ದಾಗ ದೊಡ್ಡ ಬದಲಾವಣೆಗೆ ಕೈ ಹಾಕ್ಬೇಡಿ, ಆ ಸಮಯದಲ್ಲಿ ಸೇಫ್ಟಿ (ಎದುರಾಳಿಗೆ ಸುಲಭದ ಶಾಟ್ ಸಿಗದ ಹಾಗೆ ಆಡೋದು), ಶಾಟ್ ಸೆಲೆಕ್ಷನ್, ರೆಸ್ಟ್ (ಕೈ ಎಟುಕದಾಗ ಕ್ಯೂಗೆ ಆಸರೆ ಕೊಡೋ ಕೋಲು) ಬಳಸೋದು ಇಂಥದ್ರ ಮೇಲೆ ಕೆಲಸ ಮಾಡಿದ್ರೆ ಸಾಕು.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಪುಸ್ತಕದಲ್ಲಿರೋ ಸ್ಟಾನ್ಸ್ ಎಲ್ಲರ ಮೈಗೂ ಹಾಕ್ಬಾರ್ದು. ಜೋ ಡೇವಿಸ್ 1927ರಿಂದ 1946ರವರೆಗೆ 15 ಸಲ ವರ್ಲ್ಡ್ ಚಾಂಪಿಯನ್ ಆದೋರು, ಅವ್ರ ಬಲಗಣ್ಣಿನ ದೃಷ್ಟಿ ತುಂಬಾ ದುರ್ಬಲ, ಹಾಗಾಗಿ ಕ್ಯೂನ ಎಡಗಣ್ಣಿನ ಕೆಳಗೆ ಇಟ್ಕೊಂಡು ಆಡ್ತಿದ್ರು. ಅವ್ರಿಗೆ ಯಾರಾದ್ರೂ ಕ್ಯೂ ಗದ್ದದ ಮಧ್ಯಕ್ಕೆ ಬರ್ಲೇಬೇಕು ಅಂತ ಹಟ ಹಿಡಿದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ. ಎತ್ತರ ಇರೋರು, ಮೊಣಕಾಲು ನೋವಿರೋರು, ಕನ್ನಡಕ ಹಾಕೋರು, ಬೆನ್ನು ಪೂರ್ತಿ ಬಗ್ಗಿಸೋಕಾಗದೇ ಇರೋ ವಯಸ್ಸಾದೋರು, ಇವ್ರೆಲ್ಲಾ ಬರ್ತಾರೆ. ಕ್ಯೂ ನೇರ ಹೋಗ್ಬೇಕು, ತಲೆ ಅಲುಗಾಡ್ಬಾರ್ದು, ಅಷ್ಟು ಬಿಡೋ ಹಾಗಿಲ್ಲ. ಉಳಿದಿದ್ದೆಲ್ಲಾ ಆ ಮನುಷ್ಯನ ಮೈಗೆ ಹೊಂದಿಸ್ಬೇಕಾದ್ದು. ವೀಲ್‌ಚೇರ್‌ನಲ್ಲಿ ಆಡೋರು, ದೃಷ್ಟಿ ಕಮ್ಮಿ ಇರೋರು, ಕಲಿಕೆಯ ತೊಂದರೆ ಇರೋರಿಗೆ ಅಂತಲೇ ವರ್ಲ್ಡ್ ಡಿಸೆಬಿಲಿಟಿ ಬಿಲಿಯರ್ಡ್ಸ್ ಅಂಡ್ ಸ್ನೂಕರ್ ಅನ್ನೋ ಸಂಸ್ಥೆ 2015ರಿಂದ ಇದೆ, ಬೇರೆ ಬೇರೆ ವರ್ಗ ಮಾಡಿ ಟೂರ್ನಮೆಂಟ್ ನಡೆಸತ್ತೆ. ಈ ಆಟಗಾರರಿಗೆ ಚೆನ್ನಾಗಿ ಹೇಳ್ಕೊಡೋ ಕೋಚ್‌ಗಳು ಇನ್ನೂ ಎಷ್ಟೋ ಜನ ಬೇಕು, ನಿಮಗೆ ಮನಸ್ಸಿದ್ರೆ ಈ ಕಡೆ ದಯವಿಟ್ಟು ಯೋಚ್ನೆ ಮಾಡಿ.

ಕೋಚಿಂಗ್ ಅಂದ್ರೆ ಟೆಕ್ನಿಕ್ ಒಂದೇ ಅಲ್ಲ ಅನ್ನೋದಕ್ಕೆ ರಾನಿ ಓ'ಸಲಿವನ್ ಅವ್ರನ್ನೇ ನೋಡಿ. 2004ರಲ್ಲಿ ಅವ್ರು ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದಾಗ ಜೊತೆಗಿದ್ದಿದ್ದು ರೇ ರಿಯರ್ಡನ್, ಆರು ಸಲದ ಚಾಂಪಿಯನ್. ಓ'ಸಲಿವನ್‌ಗೆ ಪಾಟ್ ಮಾಡೋದು ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ, ರಿಯರ್ಡನ್ ಕೊಟ್ಟಿದ್ದು ಸೇಫ್ಟಿ ಆಟ, ಯಾವಾಗ ಬಿಡ್ಬೇಕು ಯಾವಾಗ ನುಗ್ಗಬೇಕು ಅನ್ನೋ ಬುದ್ಧಿ. ಆಮೇಲೆ 2011ರಿಂದ ಅವ್ರು ಕೆಲಸ ಮಾಡಿದ್ದು ಸ್ಟೀವ್ ಪೀಟರ್ಸ್ ಅನ್ನೋ ಮನೋವೈದ್ಯರ ಜೊತೆ, ಅಲ್ಲಿ ವಿಷಯ ಪೂರ್ತಿ ಮನಸ್ಸಿನದ್ದು. ಇನ್ನು ಮಾರ್ಕ್ ವಿಲಿಯಮ್ಸ್ 2018ರಲ್ಲಿ ಮೂರನೇ ಸಲ ಚಾಂಪಿಯನ್ ಆಗೋ ಮುಂಚೆ ಸ್ಟೀವ್ ಫೀನಿ ಹತ್ರ ಹೋಗಿ ಗೆರೆ ನೋಡೋ ವಿಧಾನವನ್ನೇ ಬದಲಾಯ್ಸಿಕೊಂಡ್ರು. ಒಬ್ಬೊಬ್ಬ ಕೋಚ್‌ದು ಒಂದೊಂದು ಬಲ. ಶುರುವಿನಲ್ಲಿ ಎಲ್ಲಾ ಹೇಳ್ಕೊಡ್ಲೇಬೇಕಾಗತ್ತೆ, ಬೇರೆ ದಾರಿ ಇಲ್ಲ, ಆದ್ರೆ ನಾಲ್ಕೈದು ವರ್ಷದಲ್ಲಿ "ಇದಕ್ಕೆ ಇವ್ರ ಹತ್ರ ಹೋಗಿ" ಅಂತ ಜನ ನಿಮ್ಮ ಹೆಸರು ಹೇಳೋ ಒಂದು ವಿಷಯ ಇದ್ರೆ ಕರಿಯರ್ ಗಟ್ಟಿಯಾಗತ್ತೆ.

ಈಗ ಸರ್ಟಿಫಿಕೇಟ್ ವಿಷಯ. ಪ್ರೊಫೆಷನಲ್ ಆಟ ನೋಡಿಕೊಳ್ಳೋ ಸಂಸ್ಥೆ ಡಬ್ಲ್ಯುಪಿಬಿಎಸ್‌ಎ ಕೋಚ್‌ಗಳಿಗೆ ಹಂತ ಹಂತದ ಕೋರ್ಸ್ ನಡೆಸತ್ತೆ, ಅಮೆಚೂರ್ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಬಿಎಸ್‌ಎಫ್ ಕಡೆಯಿಂದಲೂ ಕೋಚಿಂಗ್ ಕೋರ್ಸ್‌ಗಳು ಆಗಿವೆ, ಜೊತೆಗೆ ಆಯಾ ದೇಶದ ಸಂಸ್ಥೆಗಳ ವ್ಯವಸ್ಥೆ ಬೇರೆ ಇರತ್ತೆ. ಮೊದಲ ಹಂತದ ಕೋರ್ಸ್ ನಿಮ್ಮನ್ನ ದೊಡ್ಡ ಟೆಕ್ನಿಕಲ್ ಪಂಡಿತರನ್ನಾಗಿ ಮಾಡತ್ತೆ ಅಂತ ಕಾಯ್ಬೇಡಿ. ಅದರ ನಿಜವಾದ ಉಪಯೋಗ ಅಂದ್ರೆ ಒಂದು ಪಾಠವನ್ನ ಹೇಗೆ ಕಟ್ಬೇಕು, ಗುಂಪನ್ನ ಹೇಗೆ ಸಂಭಾಳಿಸ್ಬೇಕು, ಮಕ್ಕಳ ಸುರಕ್ಷತೆಗೆ ಏನೇನು ನಿಯಮ ಅನ್ನೋದು. ಮಕ್ಕಳಿಗೆ ಹೇಳ್ಕೊಡೋರಿಗಂತೂ ಇದು ಬಹಳ ಮುಖ್ಯ. ಬ್ರಿಡ್ಜ್ ಸರಿ ಮಾಡೋಕೆ ಕೈ ಮುಟ್ಟೋ ಮುಂಚೆ ಕೇಳೋದು, ಮುಚ್ಚಿದ ರೂಮಲ್ಲಿ ಒಬ್ಬ ಮಗುವಿನ ಜೊತೆ ಒಬ್ಬರೇ ಇರ್ದೇ ಇರೋದು, ತಂದೆತಾಯಿ ಒಪ್ಪಿಗೆ ಇಲ್ದೇ ವಿಡಿಯೋ ತೆಗೀದೇ ಇರೋದು, ಇವೆಲ್ಲಾ ಮೊದಲ ದಿನದಿಂದ ಅಭ್ಯಾಸ ಆಗ್ಬೇಕು. ಫಸ್ಟ್ ಏಡ್ ಕಲಿತಿರಿ, ನಿಮ್ಮ ಕಡೆ ಸಿಗೋದಾದ್ರೆ ಇನ್ಶೂರೆನ್ಸ್ ಮಾಡ್ಸಿ. ಸ್ಕೂಲ್‌ಗಳು, ದೊಡ್ಡ ಕ್ಲಬ್‌ಗಳು ಸರ್ಟಿಫಿಕೇಟ್ ಇಲ್ದೇ ಇರೋರನ್ನ ಒಳಗೆ ಬಿಡೋದು ಕಷ್ಟ, ಆ ಕಾರಣಕ್ಕಾದ್ರೂ ಬೇಗ ಮಾಡ್ಕೊಳ್ಳಿ.

ದುಡ್ಡು ಎಲ್ಲಿಂದ ಬರತ್ತೆ? ಟಿವಿಯಲ್ಲಿ ಕಾಣೋ ಪ್ಲೇಯರ್‌ಗಳಿಂದ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಇಲ್ಲ. ಇಡೀ ಪ್ರೊಫೆಷನಲ್ ಟೂರ್‌ನಲ್ಲಿ ಇರೋರೇ ಹೆಚ್ಚೂಕಡಿಮೆ 130 ಜನ, ಅವ್ರಲ್ಲೂ ಎಷ್ಟೋ ಜನಕ್ಕೆ ಕಾಯಂ ಕೋಚ್ ಇಟ್ಕೊಳ್ಳೋಷ್ಟು ಆದಾಯ ಇರಲ್ಲ. ಕೋಚ್‌ಗಳ ಹೊಟ್ಟೆ ತುಂಬಿಸೋದು ಕ್ಲಬ್‌ನಲ್ಲಿ ಸಂಜೆ ಬಂದು ಆಡೋ ಕೆಲಸದವರು, ಅವ್ರ ಬೆಸ್ಟ್ ಬ್ರೇಕ್ (ಒಂದೇ ಸರದಿಯಲ್ಲಿ ಗಳಿಸಿದ ಪಾಯಿಂಟ್) 30 ಇರತ್ತೆ, ಅದನ್ನ 50 ಮಾಡ್ಕೋಬೇಕು ಅನ್ನೋದು ಅವ್ರ ಆಸೆ. ಈ ಆಸೆಯನ್ನ ಸಣ್ಣದು ಅಂತ ನೋಡೋರು ಈ ಕೆಲಸಕ್ಕೆ ಬರ್ಲೇಬಾರ್ದು. ನನ್ನ ಕೇಳಿದ್ರೆ ಕೋಚಿಂಗ್‌ನಲ್ಲಿ ಅತಿ ಹೆಚ್ಚು ಖುಷಿ ಕೊಡೋದು ಇವ್ರೇ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸಿಕ್ಕಾಕ್ಕೊಂಡಿದ್ದೋರು ಯಾರೂ ಹೇಳದ ಒಂದು ವಿಷಯ ಗೊತ್ತಾದ ತಕ್ಷಣ ಮುಂದೆ ಹೋಗ್ತಾರೆ.

ಆದ್ರೆ ಇವ್ರೆಲ್ಲಾ ಖಾಲಿ ಇರೋದು ಸಂಜೆ ಮತ್ತೆ ವೀಕೆಂಡ್, ಅದೇ ಹೊತ್ತಿಗೆ ಕ್ಲಬ್‌ನ ಟೇಬಲ್‌ಗಳೂ ಭರ್ತಿ. ಸ್ವಂತ ಟೇಬಲ್ ಇಲ್ದಿದ್ರೆ ಕ್ಲಬ್ ಮಾಲೀಕರ ಜೊತೆ ಮಾತುಕತೆ ಮೊದಲೇ ಸ್ಪಷ್ಟವಾಗಿ ಆಗ್ಬೇಕು, ಟೇಬಲ್ ಬಾಡಿಗೆ ಸ್ಟೂಡೆಂಟ್ ಕೊಡ್ತಾರಾ, ನಿಮ್ಮ ಫೀಸ್‌ನಲ್ಲೇ ಸೇರಿದ್ಯಾ, ಕ್ಲಬ್‌ಗೆ ಪಾಲು ಎಷ್ಟು ಅನ್ನೋದು, ಸಾಧ್ಯವಾದ್ರೆ ಬರಹದಲ್ಲಿ. ಪಾಠ ತಗೊಂಡೋರು ಪ್ರಾಕ್ಟೀಸ್‌ಗೆ ಅದೇ ಕ್ಲಬ್‌ಗೆ ಬರ್ತಾರೆ, ಅಂದ್ರೆ ನೀವು ಅವ್ರಿಗೂ ಗಿರಾಕಿ ತರ್ತಿದೀರ, ಈ ಮಾತನ್ನ ಸಂಕೋಚ ಇಲ್ದೇ ಹೇಳಿ. ಕೊನೇ ಗಳಿಗೆಯಲ್ಲಿ ಪಾಠ ಕ್ಯಾನ್ಸಲ್ ಮಾಡಿದ್ರೆ ಏನು ಅನ್ನೋದೂ ಮೊದಲೇ ತಿಳಿಸಿ, ಇಲ್ಲಾಂದ್ರೆ ತಿಂಗಳ ಕೊನೆಯಲ್ಲಿ ಲೆಕ್ಕ ನೋಡಿದಾಗ ತುಂಬಾ ಬೇಜಾರಾಗತ್ತೆ. ಒಂದೊಂದೇ ಪಾಠ ಮಾರೋದಕ್ಕಿಂತ ಐದಾರು ಪಾಠ ಸೇರಿಸಿ ಕೊಡೋದು ಇಬ್ಬರಿಗೂ ಒಳ್ಳೇದು, ಒಂದೇ ಪಾಠದಲ್ಲಿ ಯಾರ ಕ್ಯೂ ಆಕ್ಷನ್ನೂ ಬದಲಾಗಲ್ಲ. ಹಗಲು ಹೊತ್ತಿಗೆ ಸ್ಕೂಲ್ ಗುಂಪುಗಳು, ರಿಟೈರ್ ಆದೋರು, ಹೆಂಗಸರ ಗುಂಪು ಇವ್ರನ್ನ ಹುಡುಕಿ. ಎಷ್ಟೋ ಕೋಚ್‌ಗಳು ಜೊತೆಗೆ ಟಿಪ್ ಬದಲಾಯ್ಸೋದು, ಕ್ಯೂ ರಿಪೇರಿ, ರೆಫ್ರಿ ಕೆಲಸ, ಕ್ಲಬ್ ಲೀಗ್ ನಡೆಸೋದು ಇದೆಲ್ಲಾ ಮಾಡ್ತಾರೆ, ಮೊದಲ ಕೆಲವು ವರ್ಷ ಬೇರೆ ಆದಾಯ ಒಂದು ಇಟ್ಕೊಂಡೇ ಶುರು ಮಾಡೋದು ಕ್ಷೇಮ.

ಫೋನ್ ಕ್ಯಾಮೆರಾ ಇವತ್ತು ಕೋಚ್‌ನ ದೊಡ್ಡ ಆಸ್ತಿ. ಟ್ರೈಪಾಡ್ ಮೇಲೆ ಒಂದು ಸಲ ಎದುರಿಂದ, ಅಂದ್ರೆ ಶಾಟ್‌ನ ಗೆರೆಗೆ ಸರಿಯಾಗಿ ಕ್ಯಾಮೆರಾ ಇಟ್ಟು ಕ್ಯೂ ಮತ್ತೆ ಆಟಗಾರನ ಎದೆ ನೇರ ಕಾಣೋ ಹಾಗೆ, ಒಂದು ಸಲ ಹಿಂದಿನಿಂದ, ಒಂದು ಸಲ ಪಕ್ಕದಿಂದ ತೆಗೀರಿ, ಸ್ಲೋ ಮೋಷನ್ ಇದ್ರೆ ಇನ್ನೂ ಒಳ್ಳೇದು. ಕ್ಯಾಮೆರಾ ಗೆರೆಯಿಂದ ಸ್ವಲ್ಪ ಪಕ್ಕಕ್ಕಿದ್ರೂ ನೇರ ಇರೋ ಕ್ಯೂ ಅಡ್ಡ ಕಾಣತ್ತೆ, ಹುಷಾರು. ಸ್ಟೂಡೆಂಟ್‌ಗೆ "ನಿಮ್ಮ ತಲೆ ಏಳ್ತಿದೆ" ಅಂತ ಹತ್ತು ಸಲ ಹೇಳಿದ್ರೂ ನಂಬಲ್ಲ, ಯಾಕಂದ್ರೆ ಅವನಿಗೆ ಹಾಗನ್ನಿಸ್ತಾ ಇರೋದೇ ಇಲ್ಲ, ಒಂದು ಸಲ ತೋರಿಸಿದ್ರೆ ಸುಮ್ನಾಗಿ ಕೆಲಸ ಶುರು ಮಾಡ್ತಾನೆ. ವಿಡಿಯೋ ಕಳಿಸಿ ದೂರದಿಂದಲೇ ಕಲಿಯೋ ಸ್ಟೂಡೆಂಟ್ಸೂ ಈಗ ಇದ್ದಾರೆ, ಆದ್ರೆ ಶುರುವಿನ ಸ್ಟಾನ್ಸ್, ಬ್ರಿಡ್ಜ್ ಮಾತ್ರ ಎದುರಿಗೆ ಇದ್ದೇ ಹೇಳ್ಕೊಡ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಪ್ರತಿ ಸ್ಟೂಡೆಂಟ್‌ಗೂ ಒಂದು ನೋಟ್‌ಬುಕ್ ಇಡಿ. ಮೊದಲ ದಿನ ಒಂದೆರಡು ಡ್ರಿಲ್ ಕೊಟ್ಟು ಅಂಕೆ ಬರೆದಿಡಿ, ಉದಾಹರಣೆಗೆ ಲೈನ್ ಅಪ್, ಬ್ಲೂ, ಪಿಂಕ್, ಬ್ಲಾಕ್ ಸ್ಪಾಟ್‌ಗಳ ಸಾಲಿನಲ್ಲಿ ರೆಡ್‌ಗಳನ್ನ ನೇರ ಗೆರೆಯಲ್ಲಿ ಜೋಡಿಸಿ ಎಷ್ಟು ಬ್ರೇಕ್ ಬರತ್ತೆ ನೋಡೋದು. ಹೊಸಬರಿಗೆ 15 ರೆಡ್ ಬೇಡ, ನಾಲ್ಕೈದು ಸಾಕು. ನೇರ ಬ್ಲೂ ಹತ್ತು ಸಲ ಹೊಡ್ಸಿ ಎಷ್ಟು ಹೋಯ್ತು ಬರೀರಿ, ಅದಕ್ಕಿಂತ ಮುಖ್ಯ ಹೋಗದೇ ಇದ್ದಿದ್ದು ಯಾವ ಕಡೆ ತಪ್ತು ಅನ್ನೋದನ್ನೂ ಬರೀರಿ. ಹತ್ತರಲ್ಲಿ ಐದು ಮಿಸ್, ಐದೂ ಎಡಕ್ಕೆ ಅಂದ್ರೆ ಒಳ್ಳೇ ಸುದ್ದಿ, ಕಾರಣ ಒಂದೇ ಇದೆ. ಎರಡೂ ಕಡೆ ಚೆಲ್ಲಾಪಿಲ್ಲಿ ಆಗಿದ್ರೆ ಕೆಲಸ ಜಾಸ್ತಿ ಇದೆ. ಆರು ವಾರ ಬಿಟ್ಟು ಅದೇ ಡ್ರಿಲ್ ಮಾಡ್ಸಿದ್ರೆ ನಿಮ್ಮ ಪಾಠ ಕೆಲಸ ಮಾಡ್ತಾ ಅನ್ನೋದು ಇಬ್ಬರಿಗೂ ಅಂಕೆಯಲ್ಲೇ ಕಾಣತ್ತೆ, ಅಂಕೆ ಏರಿಲ್ಲ ಅಂದ್ರೆ ನೀವು ಹುಡುಕಿದ ಕಾರಣನೇ ತಪ್ಪಿರ್ಬಹುದು, ಮತ್ತೆ ಬ್ರೌನ್ ಸ್ಪಾಟ್‌ನಿಂದ ಶುರು ಮಾಡ್ಬೇಕು.

ಮಕ್ಕಳಿಗೆ ಹೇಳ್ಕೊಡೋದು ಬೇರೆ ಲೆಕ್ಕ. ಅವ್ರ ಕೈ ಟೇಬಲ್ ಮಧ್ಯಕ್ಕೆ ಎಟುಕಲ್ಲ, ಸಣ್ಣ ಟೇಬಲ್, ಚಿಕ್ಕ ಕ್ಯೂ ಇದ್ರೆ ಅದರಲ್ಲೇ ಶುರು ಮಾಡ್ಸಿ, ಅರ್ಧ ಗಂಟೆಗಿಂತ ಹೆಚ್ಚು ಒಂದೇ ಡ್ರಿಲ್ ಮಾಡ್ಸಬೇಡಿ, ಆಟದ ರೂಪದಲ್ಲಿ ಪಾಯಿಂಟ್ ಕೊಟ್ಟು ಆಡ್ಸಿ. ತಂದೆತಾಯಿಗಳ ಜೊತೆ ಮಾತಾಡೋದು ಪಾಠಕ್ಕಿಂತ ಕಷ್ಟದ ಕೆಲಸ. "ನಮ್ಮ ಮಗ ಪ್ರೊಫೆಷನಲ್ ಆಗ್ತಾನಾ" ಅಂತ ಮೊದಲ ತಿಂಗಳೇ ಕೇಳ್ತಾರೆ. ಆಗ ಸುಳ್ಳು ಆಸೆ ತೋರ್ಸಿ ಫೀಸ್ ತಗೊಳ್ಳೋದು ದೊಡ್ಡ ಅನ್ಯಾಯ, ಟೂರ್‌ನಲ್ಲಿ ಎಷ್ಟು ಜಾಗ ಇದೆ, ಆ ಜಾಗಕ್ಕೆ ಪ್ರಪಂಚದ ಎಲ್ಲಾ ಕಡೆಯಿಂದ ಎಷ್ಟು ಜನ ಆಡ್ತಿದಾರೆ ಅಂತ ಇದ್ದಿದ್ದನ್ನ ಇದ್ದ ಹಾಗೇ ಹೇಳಿ, ಓದು ಬಿಡ್ಸಬೇಡಿ ಅಂತಾನೂ ಹೇಳಿ. ಕೆಲವರು ಬೇಜಾರಾಗಿ ಬೇರೆ ಕಡೆ ಹೋಗ್ತಾರೆ, ಹೋಗ್ಲಿ.

ಒಳ್ಳೇ ಕೋಚ್ ಆದ್ರೆ ಒಂದಲ್ಲ ಒಂದು ದಿನ ಒಬ್ಬ ಸ್ಟೂಡೆಂಟ್ ನಿಮ್ಮ ಕೈ ಮೀರಿ ಬೆಳೀತಾನೆ. ಅವನ ಸೆಂಚುರಿ ಬ್ರೇಕ್‌ಗಳು ಸಲೀಸಾಗಿ ಬರ್ತಿರತ್ತೆ, ಈಗ ಅವನಿಗೆ ಬೇಕಿರೋದು ದಿನಾ ಅವನನ್ನ ಸೋಲಿಸೋ ಪ್ರಾಕ್ಟೀಸ್ ಪಾರ್ಟ್‌ನರ್‌ಗಳು, ದೊಡ್ಡ ಮ್ಯಾಚ್ ಆಡಿರೋರ ಸಲಹೆ, ಅದು ನಿಮ್ಮ ಹತ್ರ ಇಲ್ಲ. ಹಿಡಿದಿಟ್ಕೊಳ್ಳೋಕೆ ಹೋಗ್ಬೇಡಿ. ನೋಟ್‌ಬುಕ್‌ನ ಪ್ರತಿ, ಮೊದಲ ದಿನದ ವಿಡಿಯೋ, ಇತ್ತೀಚಿನ ವಿಡಿಯೋ ಎಲ್ಲಾ ಕೊಟ್ಟು ಹೊಸ ಕೋಚ್‌ಗೆ ಒಂದು ಫೋನ್ ಮಾಡಿ, ಒತ್ತಡ ಬಂದಾಗ ಅವನ ಹಿಡಿತ ಬಿಗಿಯಾಗತ್ತೆ, ಎಡಗಾಲು ಗೆರೆ ಹತ್ರ ಬಂದ್ಬಿಡತ್ತೆ, ಬೈದ್ರೆ ಮುದುಡ್ತಾನೆ ಆದ್ರೆ ವಿಡಿಯೋ ತೋರ್ಸಿದ್ರೆ ಕೇಳ್ತಾನೆ ಅಂತ ಗೊತ್ತಿರೋದೆಲ್ಲಾ ಹೇಳಿ. ಆ ಕೋಚ್‌ಗೆ ಇದನ್ನ ತಾನೇ ಕಂಡುಹಿಡಿಯೋಕೆ ತಿಂಗಳುಗಳೇ ಹಿಡೀತಿತ್ತು, ಮತ್ತೆ ಮುಂದಿನ ಸಲ ಬಿಡುವಿಲ್ದೇ ತಾವು ತಗೊಳ್ಳೋಕಾಗದ ಸ್ಟೂಡೆಂಟ್‌ಗಳನ್ನ ಅವ್ರು ಕಳ್ಸೋದು ಹೀಗೆ ನಡ್ಕೊಂಡೋರ ಹತ್ರಕ್ಕೇ.